ಹಂಚಿನ ಮೇಲೆ 1865 ಅಂತ ಇದೆ, ಗುಜರಿಗೆ ಕೊಡಲಾ?

ಪ್ರಶ್ನೆ: ಕಟಪಾಡಿ ಹತ್ತಿರ ನಮ್ಮ ಅಜ್ಜನ ಹಂಚಿನ ಮನೆ ಇದೆ. ಮಳೆಗಾಲಕ್ಕೆ ಮೊದಲು ಕೆಡವುವುದು ಅಂತ ಮನೆಯವರೆಲ್ಲ ಸೇರಿ ತೀರ್ಮಾನ ಮಾಡಿದ್ದೇವೆ. ಅಟ್ಟ ಖಾಲಿ ಮಾಡುವಾಗ ಒಂದು ತಗಡಿನ ಟ್ರಂಕ್ ಸಿಕ್ಕಿತು. ಒಳಗೆ ಹಳೆ ಬಸ್ ಟಿಕೆಟ್, ಯಕ್ಷಗಾನದ ಹ್ಯಾಂಡ್‌ಬಿಲ್, ಪಿಗ್ಮಿ ಪುಸ್ತಕ, ಬೀಡಿ ಕಟ್ಟಿನ ಲೇಬಲ್, ಎರಡು ಗೋಲಿ ಸೋಡಾ ಬಾಟ್ಲಿ ಇವೆ. ಫೋಟೋ ಕಳಿಸಿದ್ದೇನೆ. ಮಾಡಿನ (ಛಾವಣಿಯ) ಹಂಚಿನ ಹಿಂಬದಿಯಲ್ಲಿ ಇಂಗ್ಲಿಷ್ ಅಕ್ಷರ, 1865 ಅಂತ ಇಸವಿ. ನಮ್ಮ ಮನೆ ಅಷ್ಟು ಹಳೇದಾ? ಗುಜರಿಯವರು ಎಲ್ಲ ಸೇರಿಸಿ ಒಂದು ರೇಟು ಹೇಳಿದ್ದಾರೆ. ಮನೆಯಲ್ಲಿ ಈಗ ಇರುವುದು 86 ವರ್ಷದ ದೊಡ್ಡಮ್ಮ ಮಾತ್ರ. ನಾನು ಬೆಂಗಳೂರಿನಲ್ಲಿದ್ದೇನೆ. ರಜೆಯಲ್ಲಿ ಬಂದಾಗ ಮಕ್ಕಳಿಗೆ ಊರಿನ ಹಳೆ ಕಾಲ ತೋರಿಸಬೇಕು ಅಂತ ಆಸೆ. ಉಡುಪಿ–ಮಂಗಳೂರು ದಾರಿಯಲ್ಲಿ ನೋಡುವಂಥದ್ದು ಏನು ಉಳಿದಿದೆ?

ಉತ್ತರ: ದಯವಿಟ್ಟು ಈಗಲೇ ಏನನ್ನೂ ಗುಜರಿಗೆ ಕೊಡಬೇಡಿ. ತೊಳೆಯುವುದೂ ಬೇಡ, ವಿಂಗಡಿಸುವುದೂ ಬೇಡ. ಟ್ರಂಕಿನಲ್ಲಿ ಯಾವುದರ ಕೆಳಗೆ ಯಾವುದಿತ್ತೋ ಹಾಗೇ ಇರಲಿ. ಒಂದೊಂದು ಪದರ ತೆಗೆಯುವಾಗಲೂ ಮೇಲಿನಿಂದ ಒಂದು ಫೋಟೋ ತೆಗೆಯಿರಿ. ಒಂದು ನೋಟ್‌ಬುಕ್ ಇಟ್ಟುಕೊಂಡು ಬರೆಯಿರಿ: ಎಲ್ಲಿ ಸಿಕ್ಕಿತು, ಜೊತೆಗೆ ಏನಿತ್ತು, ಯಾರದ್ದು ಅಂತ ಮನೆಯವರು ಹೇಳುತ್ತಾರೆ.

ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ಇದೆ. ಸುಮಾರು 30 ವರ್ಷದಿಂದ ನಾನು ಕರಾವಳಿಯ ಹಳೆ ಕಾಗದ, ಬಾಟ್ಲಿ, ಬೋರ್ಡು ಸಂಗ್ರಹಿಸುತ್ತಾ ಬಂದಿದ್ದೇನೆ. ಶುರುವಿನಲ್ಲಿ ಒಂದು ಅಂಗಡಿಯಿಂದ 18 ಗೋಲಿ ಸೋಡಾ ಬಾಟ್ಲಿ ಒಟ್ಟಿಗೆ ತಂದೆ. ಯಾವ ಊರಿನದು, ಯಾರ ಮನೆಯಿಂದ ಬಂತು ಅಂತ ಕೇಳಲೇ ಇಲ್ಲ. ಇವತ್ತಿಗೂ ಅವು ನನ್ನ ಕಪಾಟಿನಲ್ಲಿವೆ, ಚೆಂದವಾಗಿಯೇ ಇವೆ. ಆದರೆ ಅವುಗಳಿಂದ ಊರಿನ ಬಗ್ಗೆ ನನಗೆ ಒಂದು ಸಾಲೂ ಸಿಕ್ಕಿಲ್ಲ. ಅದೇ ವರ್ಷ ಪರಿಚಯದ ಒಬ್ಬರು ಒಂದೇ ಒಂದು ಬಾಟ್ಲಿ ತಂದುಕೊಟ್ಟು, "ನಮ್ಮ ಅಪ್ಪ ಕಂಬಳದ ಗದ್ದೆ ಬದಿ ಸೋಡಾ ಮಾರುತ್ತಿದ್ದರು, ಆಗಿನದು" ಅಂದರು. ಗೋಲಿ ಒತ್ತಿ ತೆಗೆಯುವ ಮರದ ಬಿರಡೆ ಯಾರ ಕೈಯಲ್ಲಿರುತ್ತಿತ್ತು, ಬಾಟ್ಲಿ ವಾಪಸ್ ಕೊಡದೆ ಓಡುವ ಹುಡುಗರನ್ನು ಹೇಗೆ ಹಿಡಿಯುತ್ತಿದ್ದರು, ಎಲ್ಲ ಹೇಳಿದರು. ಆ ಒಂದು ಬಾಟ್ಲಿ ಬಗ್ಗೆ ನನ್ನಲ್ಲಿ ನಾಲ್ಕು ಪುಟ ಬರಹ ಇದೆ. ಉಳಿದ 18ರ ಬಗ್ಗೆ ಏನೂ ಇಲ್ಲ. ನಿಮ್ಮ ಟ್ರಂಕ್ ಇನ್ನೂ ಅದರ ಮನೆಯಲ್ಲೇ ಇದೆ, ಅದನ್ನು ಬಲ್ಲ ದೊಡ್ಡಮ್ಮನೂ ಇದ್ದಾರೆ. ಗುಜರಿಯವರ ರೇಟಿನಲ್ಲಿ ಈ ಎರಡೂ ಸೇರಿಲ್ಲ.

ಈಗ ಹಂಚಿನ ವಿಷಯ. ಮನೆ 1865ರದ್ದು ಅಂತ ಆ ಹಂಚು ಹೇಳುತ್ತಿಲ್ಲ. ಇದರಲ್ಲಿ ತುಂಬ ಜನ ಮೋಸ ಹೋಗುತ್ತಾರೆ. 1865 ಎನ್ನುವುದು ಕಾರ್ಖಾನೆ ಹುಟ್ಟಿದ ವರ್ಷ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿ ದಡದಲ್ಲಿ ಮೊದಲ ಹಂಚಿನ ಕಾರ್ಖಾನೆ ಶುರು ಮಾಡಿದ್ದು ಆ ವರ್ಷ. ಅದನ್ನು ಕಟ್ಟಿದವರು ಜಾರ್ಜ್ ಪ್ಲೆಬ್ಸ್ಟ್. ನದಿ ದಡದ ಜೇಡಿಮಣ್ಣು, ಗೂಡಿಗೆ ಬೇಕಾದ ಸೌದೆ, ಸಾಗಿಸಲು ದೋಣಿ, ಮೂರೂ ಅಲ್ಲೇ ಸಿಗುತ್ತಿತ್ತು. ಆಮೇಲೆ ಎಷ್ಟೋ ದಶಕ ತಯಾರಾದ ಹಂಚಿಗೂ ಅದೇ 1865ರ ಮುದ್ರೆ ಬಿತ್ತು. ಆಲ್ಬುಕರ್ಕ್ ಎಂಬ ಇನ್ನೊಂದು ಕಾರ್ಖಾನೆಯ ಹಂಚಿನಲ್ಲಿ 1868 ಅಂತ ಇರುವುದೂ ಹೀಗೆಯೇ.

ಹಾಗಾದರೆ ಹಂಚಿನಿಂದ ಏನು ತಿಳಿಯುತ್ತದೆ? ಇಸವಿ ಬಿಡಿ, ಊರಿನ ಹೆಸರು ಓದಿ. ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ನಿಲ್ಲಲಿಲ್ಲ. ಕುದ್ರೋಳಿಯಲ್ಲಿ, ನಿಮ್ಮ ಹತ್ತಿರದ ಮಲ್ಪೆಯಲ್ಲಿ, ಕೇರಳದ ಫೆರೋಕ್‌ನಲ್ಲಿ ಕಾರ್ಖಾನೆ ತೆರೆಯಿತು. ಎಲ್ಲಿ ಸುಟ್ಟ ಹಂಚೋ ಆ ಊರಿನ ಹೆಸರು ಎಷ್ಟೋ ಸಲ ಮುದ್ರೆಯಲ್ಲೇ ಇರುತ್ತದೆ. ನೀವು ಕಳಿಸಿದ ಫೋಟೋದಲ್ಲಿ ಆ ಭಾಗಕ್ಕೆ ಪಾಚಿ ಹಿಡಿದಿದೆ. ಬ್ರಶ್ ಹಾಕಿ ತಿಕ್ಕಬೇಡಿ. ತೆಳು ಬಿಳಿ ಕಾಗದವನ್ನು ಅಕ್ಷರದ ಮೇಲೆ ಹಾಸಿ. ಪೆನ್ಸಿಲನ್ನು ಅಡ್ಡ ಮಲಗಿಸಿ ಹಗುರಾಗಿ ಉಜ್ಜುತ್ತಾ ಹೋಗಿ. ಉಬ್ಬಿದ ಅಕ್ಷರ ಕಪ್ಪಗೆ ಮೂಡುತ್ತದೆ, ತಗ್ಗು ಬಿಳಿಯಾಗಿ ಉಳಿಯುತ್ತದೆ. ಕಣ್ಣಿಗೆ ಕಾಣದ ಅಕ್ಷರವೂ ಕಾಗದದಲ್ಲಿ ಕಾಣುತ್ತದೆ. ಮಕ್ಕಳಿಗೆ ಈ ಕೆಲಸ ಕೊಡಿ. ನಾನು ಎಷ್ಟೋ ಶಾಲೆ ಮಕ್ಕಳ ಕೈಯಲ್ಲಿ ಮಾಡಿಸಿದ್ದೇನೆ, ಅಕ್ಷರ ಮೇಲೆದ್ದು ಬರುವಾಗ ಅವರ ಮುಖ ನೋಡಬೇಕು. "ಮಲ್ಪೆ" ಅಂತ ಬಂದರೆ ಆ ಹಂಚು ಉದ್ಯಾವರ ಹೊಳೆಯಲ್ಲಿ ದೋಣಿ ಹತ್ತಿಯೇ ನಿಮ್ಮ ಊರಿಗೆ ಬಂದಿರಬಹುದು.

ಕಂಪನಿಯ ಹೆಸರನ್ನೂ ನೋಡಿ. ಮೊದಲ ಮಹಾಯುದ್ಧದ ನಂತರ ಬಾಸೆಲ್ ಮಿಷನ್‌ನ ಕಾರ್ಖಾನೆಗಳು ಅವರ ಕೈ ತಪ್ಪಿ ಕಾಮನ್‌ವೆಲ್ತ್ ಟ್ರಸ್ಟ್ ಪಾಲಾದವು. ಹಾಗಾಗಿ ಟ್ರಸ್ಟಿನ ಹೆಸರಿರುವ ಹಂಚು ಯುದ್ಧದ ಆಮೇಲಿನದು. ಬಾಸೆಲ್ ಮಿಷನ್ ಅಂತ ಇದ್ದರೆ ಹೆಚ್ಚಾಗಿ ಅದಕ್ಕಿಂತ ಹಿಂದಿನದು. ಇಸವಿಗಿಂತ ಈ ಹೆಸರೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಮಾಡು ಇಳಿಸುವ ದಿನ ಇನ್ನೊಂದು ಕೆಲಸ ಮಾಡಿ. ಕೆಲಸದವರಿಗೆ ಮೊದಲೇ ಹೇಳಿ, ಮಾಡಿನ ಒಂದೊಂದು ಬದಿಯ ಹಂಚನ್ನು ಬೇರೆ ಬೇರೆ ರಾಶಿ ಹಾಕಲಿ. ಒಂದೇ ಮಾಡಿನಲ್ಲಿ ನಾಲ್ಕೈದು ಕಾರ್ಖಾನೆಯ ಹಂಚು ಇರುತ್ತದೆ. ನಮ್ಮಲ್ಲಿ ಮಳೆ ಗಾಳಿ ಬಡಿಯುವುದು ಪಡುವಣ ಬದಿಗೆ. ಆ ಬದಿಯ ಹಂಚು ಹೆಚ್ಚು ಸಲ ಬದಲಾಗಿರುತ್ತದೆ. ಅಡುಗೆಮನೆ ಮೇಲಿನ, ಹೊಗೆ ಹಿಡಿದು ಕರ್ರಗಾದ ಹಂಚನ್ನು ಯಾರೂ ಮುಟ್ಟಿರುವುದಿಲ್ಲ. ಮನೆಯ ಮೊದಲ ಹಂಚು ಬೇಕಾದರೆ ನಾನು ಅಲ್ಲಿ ಹುಡುಕುತ್ತೇನೆ. ಎಷ್ಟು ಹಂಚು, ಯಾವ ಕಾರ್ಖಾನೆಯದು, ಯಾವ ಬದಿಯಲ್ಲಿತ್ತು ಅಂತ ಬರೆದರೆ ನಿಮ್ಮ ಕುಟುಂಬ ಯಾವಾಗೆಲ್ಲ ಮನೆ ರಿಪೇರಿ ಮಾಡಿಸಿತು ಅನ್ನುವ ಲೆಕ್ಕವೇ ಸಿಗುತ್ತದೆ. ಪ್ರತಿ ಬಗೆಯಲ್ಲಿ ಎರಡು ಹಂಚು ಇಟ್ಟುಕೊಳ್ಳಿ, ಸಾಕು. ಉಳಿದದ್ದನ್ನು ಗುಜರಿಯ ಬದಲು ಹಳೆ ಮನೆ ರಿಪೇರಿ ಮಾಡುವವರಿಗೆ ಕೊಡಿ. ಒಳ್ಳೆ ಹಂಚು ಇನ್ನೊಂದು ಮಾಡಿನಲ್ಲಿ ಇನ್ನೂ ಬಹಳ ವರ್ಷ ಬಾಳುತ್ತದೆ.

ನಿಮ್ಮ ಟ್ರಂಕಿನಲ್ಲಿ ನನಗೆ ತುಂಬ ಖುಷಿ ಕೊಟ್ಟದ್ದು ಯಕ್ಷಗಾನದ ಹ್ಯಾಂಡ್‌ಬಿಲ್. ತೆಳು ಗುಲಾಬಿ ಕಾಗದ, ಎರಡು ಮಡಿಕೆ, ಒಂದು ಮೂಲೆ ಒರಲೆ ತಿಂದಿದೆ. ಡೇರೆ ಮೇಳದ ಆಟ, ಅಂದರೆ ಟಿಕೆಟ್ ಇಟ್ಟು ಡೇರೆಯೊಳಗೆ ಆಡುವ ಯಕ್ಷಗಾನ. ನೆಲ 50 ನ.ಪೈ., ಕುರ್ಚಿ 1 ರೂಪಾಯಿ, ಈಸಿ ಚೇರ್ 2 ರೂಪಾಯಿ. ತಾರೀಕು ಇದೆ: ಮಾರ್ಚ್ 12, ಶನಿವಾರ. ಇಸವಿ ಮಾತ್ರ ಇಲ್ಲ! ಹ್ಯಾಂಡ್‌ಬಿಲ್ ಅಚ್ಚು ಹಾಕುವವರಿಗೆ ಇಸವಿ ಯಾಕೆ ಬೇಕು? ಆಟ ಇರುವುದು ನಾಳೆಯೋ ನಾಡಿದ್ದೋ. ನಮ್ಮ ಹಳೆ ಹ್ಯಾಂಡ್‌ಬಿಲ್‌ಗಳಲ್ಲಿ ಅರ್ಧಕ್ಕರ್ಧ ಹೀಗೆಯೇ ಇರುತ್ತವೆ.

ಆದರೂ ಇಸವಿ ಕಂಡುಹಿಡಿಯಬಹುದು. ಹೇಗೆ ಅಂತ ಹೇಳುತ್ತೇನೆ, ಉಳಿದ ಕಾಗದಕ್ಕೂ ಇದೇ ದಾರಿ. ಮಾರ್ಚ್ 12 ಶನಿವಾರ ಬಂದಿದ್ದು 1949, 1955, 1960, 1966, 1977ರಲ್ಲಿ. ಈಗ ದುಡ್ಡು ನೋಡಿ. ನಮ್ಮಲ್ಲಿ ಆಣೆ ಹೋಗಿ ನಯಾ ಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕೆ. ಅದಕ್ಕೆ ಮೊದಲು ರೂಪಾಯಿಗೆ 16 ಆಣೆ. ಹಾಗಾಗಿ 1949, 1955 ಎರಡೂ ಬಿಟ್ಟುಹೋಯಿತು. 1964ರ ಜೂನ್ 1ರಿಂದ "ನಯಾ" ಕೈಬಿಟ್ಟು ಬರೀ ಪೈಸೆ ಅಂತ ಮಾಡಿದರು. ಅಲ್ಲಿಗೆ 1966, 1977 ಕೂಡ ಹೋಯಿತು. ಉಳಿದದ್ದು 1960.

ಬಾಯಲ್ಲಿ ನಯಾ ಪೈಸೆ ಅನ್ನುವ ಮಾತು ಆಮೇಲೂ ಉಳಿದಿತ್ತಲ್ಲ, ಪ್ರೆಸ್ಸಿನವರು ಹಳೆ ಅಚ್ಚಿನ ಮೊಳೆಯನ್ನೇ ಜೋಡಿಸಿರಬಹುದಲ್ಲ ಅಂತ ನೀವು ಕೇಳಬಹುದು. ನ್ಯಾಯವಾದ ಸಂಶಯ. ಅದಕ್ಕೇ ಯಾವತ್ತೂ ಎರಡನೇ ಸಾಕ್ಷಿ ಹುಡುಕಬೇಕು. ನಿಮ್ಮ ಹ್ಯಾಂಡ್‌ಬಿಲ್‌ನ ಮೇಲಿನ ಮೂಲೆಯಲ್ಲಿ ಸಣ್ಣಕ್ಕೆ "ಫಾಲ್ಗುಣ ಶು. 14" ಅಂತ ಇದೆ, ನೋಡಿ. ಹಳೆ ಪಂಚಾಂಗ ತೆಗೆದು ನೋಡಿದೆ. 1960ರಲ್ಲಿ ಮಾರ್ಚ್ 13ಕ್ಕೆ ಹೋಳಿ ಹುಣ್ಣಿಮೆ, ಹಿಂದಿನ ದಿನ ಚತುರ್ದಶಿ. ಸರಿಯಾಗಿ ಕೂಡಿಬಂತು. 1966ರ ಅದೇ ತಾರೀಕಿಗೆ ಹುಣ್ಣಿಮೆ ಕಳೆದು ಐದು ದಿನ ಆಗಿತ್ತು. ಅಂದರೆ ನಿಮ್ಮ ಮನೆಯವರು ಯಾರೋ 1960ರ ಮಾರ್ಚ್ 12ರ ರಾತ್ರಿ ಆಟಕ್ಕೆ ಹೋಗಿದ್ದಾರೆ, ಇಲ್ಲ ಹೋಗಬೇಕು ಅಂತ ಆಸೆಪಟ್ಟಿದ್ದಾರೆ. ಬೆಳಗ್ಗೆ ತನಕ ಆಟ. ರಾತ್ರಿ ಗದ್ದೆ ಹುಣಿಯಲ್ಲಿ ನಡೆದು ಹೋಗುವಾಗ ತೆಂಗಿನ ಗರಿಯ ಸೂಟೆ ಬೇಕಾಗಿರಲಿಲ್ಲ, ಅಷ್ಟು ಬೆಳದಿಂಗಳು. ಇಷ್ಟು ತಿಳಿಯಲು ನಮಗೆ ಬೇಕಾದದ್ದು ಒಂದು ಬೆರಳಗಲದ ಅಚ್ಚು.

ಪಿಗ್ಮಿ ಪುಸ್ತಕದ ಕಥೆ ಬೇರೆ. 1925ರಲ್ಲಿ ಉಡುಪಿಯಲ್ಲಿ 8000 ರೂಪಾಯಿ ಬಂಡವಾಳದಲ್ಲಿ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಶುರುವಾಯಿತು. ಕೈಮಗ್ಗದ ನೇಕಾರರು ಕಷ್ಟದಲ್ಲಿದ್ದ ಕಾಲ ಅದು. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಸೇರಿ ಕಟ್ಟಿದ್ದು. 1928ರಲ್ಲಿ ಪಿಗ್ಮಿ ಠೇವಣಿ ತಂದರು. ಏಜೆಂಟ್ ಮನೆಬಾಗಿಲಿಗೆ ಬಂದು ದಿನಕ್ಕೆ 2 ಆಣೆ ತೆಗೆದುಕೊಂಡು ಹೋಗುವುದು. ತಿಂಗಳಿಗೆ 3 ರೂಪಾಯಿ 12 ಆಣೆ. ಬ್ಯಾಂಕಿನ ಮೆಟ್ಟಿಲು ಹತ್ತದ ಹೋಟೆಲ್ ಕೆಲಸದವರು, ಬೀಡಿ ಕಟ್ಟುವ ಹೆಂಗಸರು, ಗೂಡಂಗಡಿಯವರು ಹೀಗೆ ಉಳಿತಾಯ ಮಾಡಿದರು. ನಿಮ್ಮ ಪುಸ್ತಕದ ಮೇಲೆ ಆ ಉದ್ದ ಹೆಸರೇ ಇದ್ದರೆ 1960ರ ದಶಕದ ನಡುವಿಗಿಂತ ಹಿಂದಿನದು. ಆಮೇಲೆ ಅದು ಸಿಂಡಿಕೇಟ್ ಬ್ಯಾಂಕ್ ಆಯಿತು. ಹೆಸರಿನ ಜೊತೆ "ಲಿಮಿಟೆಡ್" ಇದ್ದರೆ 1969ರ ರಾಷ್ಟ್ರೀಕರಣಕ್ಕೆ ಮೊದಲಿನದು. 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಮೇಲೆ ಆ ಹೆಸರಿನ ಬೋರ್ಡುಗಳೂ ಕಾಣೆಯಾದವು. ಪುಸ್ತಕದೊಳಗೆ ಯಾವ ತಿಂಗಳು ದುಡ್ಡು ಕಟ್ಟಿಲ್ಲ ಅಂತ ನೋಡಿ. ಜುಲೈ, ಆಗಸ್ಟ್ ಖಾಲಿ ಇದ್ದರೆ ಮಳೆಗಾಲದಲ್ಲಿ ಮನೆಯಲ್ಲಿ ದುಡಿಮೆ ಇರಲಿಲ್ಲ ಅಂತ ಅರ್ಥ ಮಾಡಿಕೊಳ್ಳಬಹುದು. ಯಾವ ಇತಿಹಾಸದ ಪುಸ್ತಕವೂ ನಿಮ್ಮ ಮನೆಯ ಆಟಿ ತಿಂಗಳ (ತುಳುವರ ಮಳೆಗಾಲದ ತಿಂಗಳು) ಬಗ್ಗೆ ಇಷ್ಟು ನಿಖರವಾಗಿ ಹೇಳುವುದಿಲ್ಲ.

ಬಸ್ ಟಿಕೆಟಿನಲ್ಲಿ ಸ್ಟೇಜ್ ಹೆಸರು ನೋಡಿ. ನಮ್ಮದು ಖಾಸಗಿ ಬಸ್ಸಿನ ಜಿಲ್ಲೆ. ಸಿಪಿಸಿ, ಹನುಮಾನ್, ಶಂಕರ್ ವಿಠಲ್ ಅಂದರೆ ಹಿರಿಯರಿಗೆ ಬಸ್ಸಿನ ಬಣ್ಣವೇ ಕಣ್ಣಮುಂದೆ ಬರುತ್ತದೆ. ಹೊಳೆಗೆ ಸೇತುವೆ ಆಗುವ ಮೊದಲು ಬಸ್ ಬರುತ್ತಿದ್ದದ್ದು ಕಡವಿನ ತನಕ ಮಾತ್ರ. ಇಳಿದು, ದೋಣಿಯಲ್ಲಿ ದಾಟಿ, ಆಚೆ ದಡದಲ್ಲಿ ಇನ್ನೊಂದು ಬಸ್ ಹತ್ತಬೇಕು. ಟಿಕೆಟ್ ಹೊಳೆ ದಡದಲ್ಲೇ ಮುಗಿದರೆ ಈ ಕಾರಣ ಇರಬಹುದು, ದೊಡ್ಡಮ್ಮನನ್ನು ಕೇಳಿ. ಬೀಡಿ ಲೇಬಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಣ್ಣ ಚೆಂದ, ನಮ್ಮೂರಿನಲ್ಲಿ ಬೇಕಾದಷ್ಟು ಸಿಗುತ್ತದೆ. ನಿಮ್ಮ ಮನೆಯಲ್ಲಿ ಯಾರಾದರೂ ಬೀಡಿ ಕಟ್ಟುತ್ತಿದ್ದರಾ ಅನ್ನುವುದು ಲೇಬಲ್‌ಗಿಂತ ಮುಖ್ಯ. ಕಟ್ಟುತ್ತಿದ್ದರೆ ಎಲೆ ಕತ್ತರಿಸುವ ಕತ್ತರಿ, ಅಳತೆಯ ತಗಡು, ಮೊರ ಅಲ್ಲೇ ಎಲ್ಲೋ ಇರುತ್ತದೆ, ಹುಡುಕಿ. ಅವನ್ನು ಯಾರೂ ಸಂಗ್ರಹಿಸುವುದಿಲ್ಲ. ಅದಕ್ಕೇ ಬೇಗ ಕಾಣೆಯಾಗುತ್ತವೆ.

ಟ್ರಂಕಿನ ತಳಕ್ಕೆ ಹಾಸಿದ ಪೇಪರ್ ಎಸೆಯಬೇಡಿ. ಟ್ರಂಕನ್ನು ಕೊನೆಯ ಸಲ ಯಾವಾಗ ಜೋಡಿಸಿದರು ಅಂತ ಅದರಿಂದ ಗೊತ್ತಾಗುತ್ತದೆ. ತಾರೀಕು ಹರಿದುಹೋಗಿದ್ದರೂ ಪತ್ರಿಕೆಯ ಹೆಸರು ಸಾಕು. ಉದಯವಾಣಿ ಹಾಸಿದ್ದರೆ 1970ರ ಆಮೇಲಿನದು, ಮಣಿಪಾಲದಲ್ಲಿ ಪತ್ರಿಕೆ ಶುರುವಾದದ್ದೇ ಆಗ.

ಇನ್ನು ಕಾಪಾಡುವ ವಿಷಯ. ಲ್ಯಾಮಿನೇಶನ್ ಮಾತ್ರ ಮಾಡಿಸಬೇಡಿ. ನನ್ನ ಹತ್ತಿರ ಇದ್ದ ಒಂದು ಅಪರೂಪದ ಹ್ಯಾಂಡ್‌ಬಿಲ್ ಹಾಗೆ ಹಾಳಾಯಿತು. ಬಿಸಿಗೆ ಬಣ್ಣ ಹೋಯಿತು, ಪ್ಲಾಸ್ಟಿಕ್ ಬಿಡಿಸಲು ಆಗಲೇ ಇಲ್ಲ. ಅದರ ಇನ್ನೊಂದು ಪ್ರತಿಯನ್ನು ನಾನು ಇವತ್ತಿನವರೆಗೂ ನೋಡಿಲ್ಲ. ಹರಿದ ಕಡೆ ಗಮ್‌ಟೇಪ್ ಹಚ್ಚಬೇಡಿ. ಮೊದಲು ಸ್ಕ್ಯಾನ್ ಮಾಡಿಸಿ, ಎರಡೂ ಬದಿ. ಹಿಂಬದಿಯಲ್ಲಿ ಯಾರೋ ತೆಂಗಿನಕಾಯಿ ಲೆಕ್ಕ ಬರೆದಿರುತ್ತಾರೆ, ಅದೂ ಬೇಕು. ಆಮೇಲೆ ಬಿಳಿ ಕಾಗದದ ನಡುವೆ ಇಟ್ಟು, ಹತ್ತಿ ಬಟ್ಟೆಯಲ್ಲಿ ಸುತ್ತಿ, ನೆಲಕ್ಕೆ ಗೋಡೆಗೆ ತಾಗದ ಹಾಗೆ ಇಡಿ. ನಮ್ಮ ಜೂನ್ ತಿಂಗಳಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟ ಕಾಗದಕ್ಕೆ ಬೂಸ್ಟು ಬರದೆ ಇರುವುದಿಲ್ಲ. ಹಿತ್ತಾಳೆ ಸಾಮಾನು ಇದ್ದರೆ ಹುಣಸೆಹುಳಿ ಹಾಕಿ ಫಳಫಳ ಮಾಡಬೇಡಿ. ಕೆತ್ತಿದ ಹೆಸರು ಸವೆಯುತ್ತದೆ.

ಮನೆ ಖಾಲಿ ಮಾಡುವಾಗ ತಾಳೆಗರಿ, ತಾಮ್ರದ ತಗಡಿನ ಬರಹ, ಹಳೆ ವಿಗ್ರಹ ಏನಾದರೂ ಸಿಕ್ಕಿದರೆ ಮಾರಾಟದ ಮಾತೇ ಎತ್ತಬೇಡಿ. 100 ವರ್ಷ ದಾಟಿದ ಇಂಥ ವಸ್ತುಗಳಿಗೆ, ಹಸ್ತಪ್ರತಿಯಾದರೆ 75 ವರ್ಷ ದಾಟಿದ್ದಕ್ಕೆ, 1972ರ ಪ್ರಾಚ್ಯವಸ್ತು ಕಾಯ್ದೆ ಅನ್ವಯ ಆಗುತ್ತದೆ. ದೈವದ ಮೊಗ (ಮುಖವಾಡ), ಕಡ್ಸಲೆ (ಕತ್ತಿ), ಗಗ್ಗರ (ಕಾಲಿನ ಕಡಗ) ಇದ್ದರೆ ಕುಟುಂಬದ ಹಿರಿಯರು ಹೇಳಿದ ಹಾಗೆ ನಡೆಯಿರಿ. ಅವು ಮ್ಯೂಸಿಯಂಗೆ ಚೆಂದ ಅಂತ ನಾನು ಯಾವತ್ತೂ ಹೇಳಿಲ್ಲ. ಅವು ದೈವದ ಸೊತ್ತು.

ಇನ್ನು ಮಕ್ಕಳ ಜೊತೆ ತಿರುಗಾಟ. ಕಾರು ಬಿಟ್ಟು ಒಂದು ದಿನ ಬಸ್ಸಿನಲ್ಲಿ ಹೋಗಿ ಅಂತ ನನ್ನ ಸಲಹೆ. ಎಕ್ಸ್‌ಪ್ರೆಸ್ ಅಲ್ಲ, ಎಲ್ಲ ಕಡೆ ನಿಲ್ಲುವ ಸರ್ವಿಸ್ ಬಸ್. ಹೆದ್ದಾರಿ ಅಗಲ ಮಾಡುವಾಗ ಬದಿಯ ಮರ, ಕಟ್ಟೆ, ಹಳೆ ಅಂಗಡಿ ಬಹಳ ಹೋಯಿತು. ಆದರೆ ಕಂಡಕ್ಟರ್ ಕೂಗುವ ಹೆಸರಿನಲ್ಲಿ ಅವು ಇನ್ನೂ ಇವೆ. ಉಡುಪಿಯ ಕಲ್ಸಂಕ ಅಂದರೆ ಕಲ್ಲಿನ ಸಂಕ (ಸೇತುವೆ). ಸಂತೆಕಟ್ಟೆಯಲ್ಲಿ ಸಂತೆ ಕೂಡುತ್ತಿತ್ತು. ಬಜಪೆ ಕಡೆಯ ಸುಂಕದಕಟ್ಟೆ ಅಂದರೆ ಸುಂಕ ವಸೂಲಿಯ ಜಾಗ. ಮಂಗಳೂರಿನ ಹೊಯ್ಗೆಬಜಾರ್ ಹೊಳೆಯ ಹೊಯ್ಗೆಯ (ಮರಳಿನ) ನೆನಪು. ದಾರಿಹೋಕರಿಗೆ ಅಪ್ಪಣ್ಣ ಅನ್ನುವವರೊಬ್ಬರು ನೀರು ಕೊಡುತ್ತಿದ್ದ ಕಟ್ಟೆಯೇ ಹಂಪನಕಟ್ಟೆ ಆಯಿತು ಅಂತ ಊರಿನವರು ಹೇಳುತ್ತಾರೆ. ಬಲ್ಮಠದ ಹತ್ತಿರ ಜ್ಯೋತಿ ಟಾಕೀಸ್ ಕಟ್ಟಡವೇ ಇಲ್ಲ, ಸರ್ಕಲ್‌ಗೆ ಅಂಬೇಡ್ಕರ್ ಹೆಸರಿದೆ, ಆದರೂ ಬಸ್ಸಿನಲ್ಲಿ "ಜ್ಯೋತಿ, ಜ್ಯೋತಿ" ಅಂತ ಕೂಗುವುದು ಕೇಳುತ್ತದೆ. ಮಕ್ಕಳು ಪ್ರತಿ ಸ್ಟಾಪಿನ ಹೆಸರು ಬರೆದುಕೊಳ್ಳಲಿ. ಸಂಜೆ ಕೂತು ಯಾವ ಹೆಸರಿನಲ್ಲಿ ಏನಿದೆ ಅಂತ ಬಿಡಿಸಿ ನೋಡಿ.

ಕಾಪುವಿನಲ್ಲಿ ಇಳಿಯಿರಿ. ಬಂಡೆಯ ಮೇಲಿನ ದೀಪಸ್ತಂಭ 1901ರದ್ದು. ಎಲ್ಲರೂ ಮೇಲೆ ಹತ್ತಿ ಸಮುದ್ರದ ಫೋಟೋ ತೆಗೆಯುತ್ತಾರೆ. ನೀವು ಒಂದು ಕ್ಷಣ ಸಮುದ್ರಕ್ಕೆ ಬೆನ್ನು ಹಾಕಿ ನಿಂತು ಊರಿನ ಕಡೆ ನೋಡಿ. ತೆಂಗಿನ ತೋಟದ ನಡುವೆ ಕೆಂಪು ಹಂಚಿನ ಮಾಡು ಎಷ್ಟು ಉಳಿದಿದೆ ಅಂತ ಮಕ್ಕಳು ಎಣಿಸಲಿ. ಮಂಗಳೂರಿನಲ್ಲಿ ಹಳೆ ಬಂದರಿನ ಗೋದಾಮುಗಳ ಬೀದಿಯಲ್ಲಿ ನಡೆಯಿರಿ. ಲಾರಿ ಜಾಸ್ತಿ, ಬೆಳಗ್ಗೆ ಬೇಗ ಹೋಗುವುದು ಒಳ್ಳೆಯದು. ಅಂಗಡಿಯ ಹೊಸ ಫ್ಲೆಕ್ಸ್ ನೋಡಬೇಡಿ, ಅದರ ಮೇಲೆ ಗೋಡೆ ನೋಡಿ. ಗಾರೆಯಲ್ಲಿ ಮೂಡಿಸಿದ ಹೆಸರು, ಇಸವಿ ಅಲ್ಲಿ ಇರುತ್ತದೆ. ಹಳೆ ಬೋರ್ಡಿನ ವಯಸ್ಸು ಗೊತ್ತಾಗಲು ಸುಲಭ ಗುರುತುಗಳಿವೆ. ಪಿನ್‌ಕೋಡ್ ಬರೆದಿದ್ದರೆ 1972ರ ಆಗಸ್ಟ್ 15ರ ಆಮೇಲಿನದು. "ಮೈಸೂರು ರಾಜ್ಯ" ಅಂತ ಇದ್ದರೆ 1956 ಮತ್ತು 1973ರ ನಡುವಿನದು. ಅದಕ್ಕೆ ಮೊದಲು ನಾವು ಮದ್ರಾಸಿಗೆ ಸೇರಿದ್ದೆವು. "ಉಡುಪಿ ಜಿಲ್ಲೆ" ಅಂತ ಇದ್ದರೆ 1997ರ ನಂತರದ್ದು. "ರಾ.ಹೆ. 17" ಅಂತ ಇದ್ದರೆ ಹೆದ್ದಾರಿಗೆ 66 ಅಂತ ಹೊಸ ನಂಬರ್ ಬರುವ ಮುಂಚಿನದು.

ಅಲ್ಲಿಂದ ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋಗಿ. ಟಿಪ್ಪು ಕಾಲದ, 1784ರ ಕಾವಲು ಗೋಪುರ, ಕಪ್ಪು ಕಲ್ಲಿನದು. ಹಡಗು ಒಳಗೆ ಬರದಂತೆ ಹೊಳೆ ಕಾಯಲು ಕಟ್ಟಿಸಿದ್ದು. ಗೋಪುರ ನೋಡಿ ಮುಗಿಸಲು ಹತ್ತು ನಿಮಿಷ ಸಾಕು. ನಾನು ಅಲ್ಲಿಗೆ ಕಳಿಸುತ್ತಿರುವುದು ಪಕ್ಕದ ಕಡವಿಗಾಗಿ. ತಣ್ಣೀರುಬಾವಿಗೆ ದೋಣಿಯಲ್ಲಿ ಗುರುಪುರ ಹೊಳೆ ದಾಟಬಹುದು. ಅಜ್ಜನ ಬಸ್ ಟಿಕೆಟಿನ ಫೋಟೋ ಮೊಬೈಲಿನಲ್ಲಿ ಇರಲಿ. ದೋಣಿ ನಡುನೀರಿನಲ್ಲಿರುವಾಗ ಮಕ್ಕಳಿಗೆ ತೋರಿಸಿ. ಹಿಂದೆ ಪ್ರತಿ ಪ್ರಯಾಣದಲ್ಲೂ ಹೀಗೆ ಇಳಿದು ಹತ್ತಬೇಕಿತ್ತು ಅಂತ ಅಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ.

ಮ್ಯೂಸಿಯಂ ಎಲ್ಲ ಒಂದೇ ದಿನ ತುರುಕಬೇಡಿ, ಮಕ್ಕಳಿಗೆ ಸಾಕಾಗುತ್ತದೆ. ಒಂದೇ ಆರಿಸಿ ಅಂದರೆ ಮಣಿಪಾಲದ ಹೆರಿಟೇಜ್ ವಿಲೇಜ್, ನಮ್ಮವರ ಬಾಯಲ್ಲಿ ಹಸ್ತಶಿಲ್ಪ. ವಿಜಯನಾಥ ಶೆಣೈ ಅವರು ಬ್ಯಾಂಕ್ ಕೆಲಸದಲ್ಲಿದ್ದುಕೊಂಡೇ, ಕೆಡವುತ್ತಿದ್ದ ಹಳೆ ಮನೆಗಳ ಕಂಬ ಬಾಗಿಲು ಉಳಿಸಲು ಶುರು ಮಾಡಿದರು. ಕೊನೆಗೆ ಇಡೀ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಅಲ್ಲಿ ಅಳತೆಯ ಸೇರು, ಪಾವು, ಕಳಸೆ ಗಾಜಿನ ಪೆಟ್ಟಿಗೆಯಲ್ಲಿ ಒಂಟಿಯಾಗಿ ಕೂತಿಲ್ಲ, ಮನೆಯೊಳಗೆ ಅದರ ಜಾಗದಲ್ಲಿದೆ. ಎಷ್ಟೋ ರೆಸಾರ್ಟ್‌ಗಳಲ್ಲಿ ಯಾವುದೋ ಗುತ್ತಿನ (ದೊಡ್ಡ ಮನೆತನದ) ಮನೆಯ ಹೆಬ್ಬಾಗಿಲು ರಿಸೆಪ್ಶನ್ ಹಿಂದೆ ಅಲಂಕಾರಕ್ಕೆ ನಿಂತಿರುವುದನ್ನು ನೋಡುವಾಗ ನನಗೆ ಸಂಕಟ ಆಗುತ್ತದೆ. ಯಾವ ಮನೆಯದು ಅಂತ ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ.

ನಾಣ್ಯ ಇಷ್ಟ ಇದ್ದರೆ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿರುವ ಕಾರ್ಪೊರೇಷನ್ ಬ್ಯಾಂಕಿನ ಮ್ಯೂಸಿಯಂ ನೋಡಿ. 1906ರಲ್ಲಿ ಅವರು ಆ ಬ್ಯಾಂಕ್ ಶುರು ಮಾಡಿದಾಗ ಮೊದಲ ದಿನ ಸೇರಿದ ಹಣ 38 ರೂಪಾಯಿ 13 ಆಣೆ 2 ಪೈ. ಪಿಗ್ಮಿ ಪುಸ್ತಕ ನೋಡಿದ ಮಕ್ಕಳಿಗೆ ಆಣೆ, ಪೈ ಅಲ್ಲಿ ಕಣ್ಣಾರೆ ಕಾಣುತ್ತದೆ. ಬ್ಯಾಂಕ್ ಈಗ ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋಗಿದೆ, ಹಾಗಾಗಿ ಮೊದಲೇ ವಿಚಾರಿಸಿ ಹೋಗಿ. ಮಂಗಳೂರಿನ ಬಿಜೈಯ ಶ್ರೀಮಂತಿ ಬಾಯಿ ಮ್ಯೂಸಿಯಂ 1960ರಿಂದ ಇದೆ. ಕರ್ನಲ್ ಮಿರಾಜಕರ್ ಅವರು ತಾಯಿಯ ನೆನಪಿಗೆ ತಮ್ಮ ಬಂಗಲೆಯನ್ನೇ ಬಿಟ್ಟುಕೊಟ್ಟದ್ದು. ಬಿಡುವಿದ್ದರೆ ಸಾಕು, ಹೋಗಿ. ತಿರುಗಾಟದ ದಿನ ಉಡುಪಿ ರಥಬೀದಿಯ ಮಿತ್ರ ಸಮಾಜ ಹೋಟೆಲಿನಲ್ಲಿ ಗೋಳಿಬಜೆ ತಿನ್ನಿಸಲು ಮರೆಯಬೇಡಿ. ಹಳೆ ಕಾಲ ಅಂದರೆ ನೋಡುವುದು ಮಾತ್ರ ಅಲ್ವಲ್ಲ.

ಟ್ರಂಕನ್ನು ಬೆಂಗಳೂರಿಗೆ ಒಯ್ಯುವುದೋ ಯಾರಿಗಾದರೂ ಕೊಡುವುದೋ ಅಂತ ಆಮೇಲೆ ಯೋಚಿಸಿ. ಕೊಡುವುದಾದರೆ ಬಂಟ್ವಾಳದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಂಥ ಕಡೆ ಕೊಡಿ. ಅಲ್ಲಿ ಅಡುಗೆಮನೆಯ, ಗದ್ದೆಯ ಸಣ್ಣ ಸಾಮಾನಿಗೂ ಬೆಲೆ ಇದೆ. ನೋಟ್‌ಬುಕ್‌ನ ಪ್ರತಿಯನ್ನೂ ಜೊತೆಗೇ ಕೊಡಿ. ಅದಿಲ್ಲದೆ ಕೊಟ್ಟರೆ ನನ್ನ 18 ಬಾಟ್ಲಿಗಳ ಗತಿಯೇ ಅವಕ್ಕೂ.

ಅದೆಲ್ಲಕ್ಕಿಂತ ಮೊದಲು ದೊಡ್ಡಮ್ಮನ ಹತ್ತಿರ ಕೂರಿ. 1960ರಲ್ಲಿ ಅವರಿಗೆ ಸುಮಾರು 20 ವರ್ಷ. "ಆಗ ಹೇಗಿತ್ತು, ಹೇಳಿ" ಅಂತ ಕೇಳಬೇಡಿ. ಆ ಪ್ರಶ್ನೆಗೆ ಎಲ್ಲರೂ "ಕಷ್ಟದ ಕಾಲ ಮಗಾ" ಅಂದು ಸುಮ್ಮನಾಗುತ್ತಾರೆ. ಹ್ಯಾಂಡ್‌ಬಿಲ್ ಕೈಗೆ ಕೊಡಿ. ಸಣ್ಣ ಸಣ್ಣ ಪ್ರಶ್ನೆ ಕೇಳಿ. ಡೇರೆ ಹಾಕಿದ್ದು ಯಾರ ಗದ್ದೆಯಲ್ಲಿ? ಹೆಂಗಸರು ಎಲ್ಲಿ ಕೂರುತ್ತಿದ್ದರು? ನೆಲಕ್ಕೆ ಚಾಪೆ ಮನೆಯಿಂದ ಒಯ್ಯಬೇಕಿತ್ತಾ? ಗ್ಯಾಸ್‌ಲೈಟು ಎಷ್ಟಿತ್ತು? ರಾತ್ರಿ ಹಸಿವಾದರೆ ಏನು ತಿನ್ನುತ್ತಿದ್ದಿರಿ? ಅವರು ಮಾತಾಡುವುದು ತುಳುವಾದರೆ ತುಳುವಿನಲ್ಲೇ ಇರಲಿ, ಕನ್ನಡ ಮಾಡಲು ಹೋಗಬೇಡಿ. ಫೋನಿನ ರೆಕಾರ್ಡರ್ ಆನ್ ಮಾಡಿ ಪಕ್ಕದಲ್ಲಿಡಿ. ಬೆಳಗ್ಗೆ ಗಂಜಿ ಊಟ ಆದ ಮೇಲೆ ಹಿರಿಯರಿಗೆ ಮಾತಾಡಲು ಒಳ್ಳೆ ಹೊತ್ತು. ಆ ಗದ್ದೆ ಯಾವುದು ಅಂತ ಅವರು ಹೇಳಿದರೆ ಮಕ್ಕಳನ್ನು ಕರೆದುಕೊಂಡು ಅಲ್ಲಿಗೇ ಹೋಗಿ. ಅಲ್ಲಿ ಈಗ ಮನೆಯೋ ಲೇಔಟೋ ಬಂದಿದ್ದರೂ ಪರವಾಗಿಲ್ಲ, ಒಂದು ಫೋಟೋ ತೆಗೆದು ಹ್ಯಾಂಡ್‌ಬಿಲ್ ಜೊತೆಗೆ ಇಡಿ. ನನಗೂ ಒಂದು ಕಳಿಸಿ.